ಹಳೆಯ ಜೀಪಿನ ಪರೀಕ್ಷೆ

ಪ್ರತಿವರ್ಷದಂತೆ ಈ ಸ್ಮರಣ ಸಂಚಿಕೆಗೂ ನಾನೊಂದು ವ್ಯಾಕರಣದ ಲೇಖನವನ್ನೋ ಛಂದಸ್ಸಿನ ಲೇಖನವನ್ನೋ ಕೊಡುವೆನೆಂದು ಸಂಪಾದಕ ಮಂಡಳಿಯ ಮಿತ್ರರು ನಿರೀಕ್ಷಿಸಿದ್ದರೆ ಅದು ಸಹಜವೇ. ಆದರೆ ಈ ಸಲ ಮುಖ್ಯೋಪಾಧ್ಯಾಯರು ನನಗೆ ಒಪ್ಪಿಸಿರುವ ಕಾರ್ಯವು ಬೇರೆಯದು. ನಮ್ಮ ಶಾಲೆಗೊಂದು ಜೀಪನ್ನು ಒದಗಿಸಬೇಕೆಂದು ಹಳೆಯ ವಿದ್ಯಾರ್ಥಿಗಳು ಮುಂದೆ ಬಂದಿದ್ದಾರೆ. ಹೊಸದಕ್ಕೆ ಸಾಲುವಷ್ಟು ಹಣ ಕೂಡಿಲ್ಲವಾದುದರಿಂದ ಒಬ್ಬರು ಬಳಸಿದ, ಆದರೂ ಗಟ್ಟಿಮುಟ್ಟಾದ ಗಾಡಿಯೊಂದನ್ನು ಹುಡುಕಬೇಕಾಗಿದೆ. ಅದನ್ನು ನೋಡಿ ಒಪ್ಪತಕ್ಕ ಸಮಿತಿಯಲ್ಲಿ ಕನ್ನಡ ಪಂಡಿತರಿಗೇನು ಕೆಲಸವೆಂದು ಕೇಳಿದವರಿಗೆ ಮುಖ್ಯೋಪಾಧ್ಯಾಯರು, "ಪಂಡಿತರಿಗೆ ಆ ವಿಷಯದಲ್ಲಿ ಅನುಭವವಿದೆ" ಎಂದು ಹೇಳಿ ನಕ್ಕರಂತೆ. ಅನುಭವವೆಂದರೆ ಒಮ್ಮೆ ಮೋಸಹೋದ ಅನುಭವ. ಅದನ್ನು ಮುಚ್ಚಿಡುವುದಕ್ಕಿಂತ ಬರೆದಿಡುವುದೇ ಲೇಸೆಂದು ತಿಳಿದು ಈ ಲೇಖನಕ್ಕೆ ಕೈಹಾಕಿದ್ದೇನೆ. ಕಾಫಿ ತೋಟಕ್ಕಾಗಿಯೋ ಅಡಕೆ ತೋಟಕ್ಕಾಗಿಯೋ ಇಂಥ ಗಾಡಿಯನ್ನು ಕೊಳ್ಳಬೇಕೆಂದಿರುವ ದಾನಿಗಳೂ ಪೋಷಕರೂ ನಮ್ಮಲ್ಲಿ ಅನೇಕರಿರುವುದರಿಂದ ಅವರಿಗೂ ಇದು ಉಪಯೋಗಕ್ಕೆ ಬಂದೀತು.

'ಪರೀಕ್ಷೆ' ಎಂಬ ಶಬ್ದವನ್ನು ನಾವು ಉಪಾಧ್ಯಾಯರು ಪ್ರಶ್ನಪತ್ರಿಕೆಗೆ ಕಟ್ಟಿಹಾಕಿಬಿಟ್ಟಿದ್ದೇವೆ. ಅದರ ಅವಯವಗಳನ್ನು ಬಿಡಿಸಿದರೆ 'ಪರಿ' ಎಂದರೆ ಸುತ್ತಲೂ, 'ಈಕ್ಷಾ' ಎಂದರೆ ನೋಡುವಿಕೆ. ಸುತ್ತಲೂ ತಿರುಗಿ ನೋಡುವುದೇ ಪರೀಕ್ಷೆ. ನಮ್ಮ ತಂದೆಯವರು ಜಾತ್ರೆಯಲ್ಲಿ ಎತ್ತು ಕೊಳ್ಳುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಹಲ್ಲು ಎಣಿಸುವುದು, ಸುಳಿ ನೋಡುವುದು, ಹೆಗಲು ಸವರುವುದು, ಗೊರಸು ಎತ್ತಿಸಿ ನೋಡುವುದು ಇವೆಲ್ಲ ಮುಗಿದ ಮೇಲೆಯೂ ಅವರು ದಲ್ಲಾಳಿಯ ಟವೆಲಿನ ಕೆಳಗೆ ಕೈ ಚಾಚುತ್ತಿರಲಿಲ್ಲ. ಹೇರು ತುಂಬಿದ ಗಾಡಿಗೆ ಹೂಡಿ ಏರು ಹತ್ತಿಸಿದ ತರುವಾಯವೇ ಬೆರಳು ಹಿಡಿಯುವ ಮಾತು. ಅವರ ಮಗನಾದ ನಾನು ಜೀಪು ಕೊಳ್ಳುವಾಗ ಆ ಏರನ್ನೇ ಮರೆತೆನು.

ನಮ್ಮ ಕಡೆಯ ಹಾದಿಗಳನ್ನು ಬಲ್ಲವರಿಗೆ ಇಂಥ ಗಾಡಿಯ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಕೊಡಚಾದ್ರಿಯ ನೆತ್ತಿಗೆ ಜೀಪಿನಲ್ಲಿ ಕುಳಿತು ಹೋದವರು, ಮಡಿಕೇರಿಯ ಬಳಿಯ ಮಾಂದಲಪಟ್ಟಿಯ ದಿಣ್ಣೆಯನ್ನು ಹತ್ತಿದವರು, ಆ ಗಾಡಿ ಮಾಡುವ ಕೆಲಸವನ್ನು ತಮ್ಮ ಬೆನ್ನುಮೂಳೆಯಿಂದಲೇ ಅರಿತಿರುತ್ತಾರೆ. ಆದರೆ ಏಕೆ ಮಾಡುತ್ತದೆಂಬುದನ್ನು ತಿಳಿದಿರಬೇಕು. ಅದು ತಿಳಿಯದವನಿಗೆ ಯಾವುದನ್ನು ಪರೀಕ್ಷಿಸಬೇಕೆಂಬುದೂ ತಿಳಿಯದು. ಸಾಧಾರಣ ಕಾರಿನಲ್ಲಿ ಎಂಜಿನಿನ ಬಲವು ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಆ ಎರಡರ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಕೂಟವೊಂದಿದೆ. ತಿರುವಿನಲ್ಲಿ ಹೊರಗಿನ ಚಕ್ರವು ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕಾದುದರಿಂದ ಎರಡಕ್ಕೂ ಬೇರೆ ಬೇರೆ ವೇಗವನ್ನು ಕೊಡುವುದು ಅದರ ಕೆಲಸ. ಡಾಂಬರಿನ ಮೇಲೆ ಇದು ಗುಣ. ಕೆಸರಿನಲ್ಲಿ ಇದೇ ದೋಷ. ಒಂದು ಚಕ್ರವು ಕೆಸರಿನಲ್ಲಿ ಹಿಡಿತ ತಪ್ಪಿ ಸುತ್ತತೊಡಗಿತೆಂದರೆ ತಿರುಗುವುದೆಲ್ಲವೂ ಅದರ ಪಾಲಾಗಿ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರವು ಸುಮ್ಮನೆ ನಿಂತುಬಿಡುತ್ತದೆ. ಆಗ ಮುಂದಿನ ಚಕ್ರಗಳಿಗೂ ಬಲವನ್ನು ಹಾಯಿಸಿ ಗಾಡಿಯನ್ನು ಎಳೆಸುವುದೇ ಜನರು 'ಫೋರ್ ವೀಲ್' ಎಂದು ಕರೆಯುವ ನಾಲ್ಕು ಚಕ್ರದ ಎಳೆತ. ಗೇರ್‌ಬಾಕ್ಸಿನ ಹಿಂಭಾಗದಲ್ಲಿ ಸೇರಿಕೊಂಡಿರುವ ಇನ್ನೊಂದು ಚಿಕ್ಕ ಪೆಟ್ಟಿಗೆಯಿಂದ ಒಂದು ಶಾಫ್ಟು ಹಿಂದಕ್ಕೂ ಒಂದು ಮುಂದಕ್ಕೂ ಹೊರಡುತ್ತದೆ. ಆ ಪೆಟ್ಟಿಗೆಯಲ್ಲಿಯೇ 'ಲೋ' ಎಂಬ ನಿಧಾನದ ಗೇರೂ ಇರುತ್ತದೆ. ವೇಗವನ್ನು ತಗ್ಗಿಸಿ ಎಳೆಯುವ ಶಕ್ತಿಯನ್ನು ಹೆಚ್ಚಿಸುವ ಉಪಾಯ ಅದು.

ಇಂಥ ಗಾಡಿಯ ವಂಶವೃಕ್ಷ ಎರಡನೆಯ ಮಹಾಯುದ್ಧದಿಂದ ಆರಂಭವಾಗುತ್ತದೆ. 1941ರಿಂದ ಅಮೆರಿಕದ ಸೈನ್ಯಕ್ಕಾಗಿ ವಿಲ್ಲಿಸ್ ಕಂಪನಿ ತಯಾರಿಸಿದ ಜೀಪಿನ ವಂಶವನ್ನು 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಕಂಪನಿಯವರು ಮುಂಬಯಿಗೆ ತಂದು ಬೆಳೆಸಿದರು. ಅದೇ ಕುಲದ ಎಂ.ಎಂ. 540 ಮೊದಲಾದ ಡೀಸೆಲ್ ಜೀಪುಗಳು ಮಲೆನಾಡಿನ ತೋಟಗಳಲ್ಲಿ ಇಂದಿಗೂ ದುಡಿಯುತ್ತಿವೆ. 1985ರಲ್ಲಿ ಮಾರುತಿ ಜಿಪ್ಸಿ ಬಂದಿತು. 2010ರಲ್ಲಿ ಮಹೀಂದ್ರಾ ಥಾರ್ ಬಂದಿತು. 2020ರಲ್ಲಿ ಅದೇ ಹೆಸರಿನ ಹೊಸ ಮಾದರಿ ಹೊರಟಿತು. ಇತ್ತೀಚೆಗೆ ರೆಸಾರ್ಟುಗಳಲ್ಲಿ ಬೈಕಿನಂತೆ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಆಟದ ಗಾಡಿಗಳೂ ಕಾಣಸಿಗುತ್ತವೆ. ಅವುಗಳಲ್ಲಿ ಬಹುಪಾಲು ಸಾರ್ವಜನಿಕ ರಸ್ತೆಗೆ ನೋಂದಣಿಯಾಗತಕ್ಕವಲ್ಲ. ಖಾಸಗಿ ತೋಟದ ಬೇಲಿಯೊಳಗೆ ಮಾತ್ರ ಅವುಗಳ ಸಂಚಾರ. ಒಬ್ಬ ಹಳೆಯ ವಿದ್ಯಾರ್ಥಿಗಳು ಅಂಥದೊಂದನ್ನು ಶಾಲೆಗೆ ಕೊಡುವುದಾಗಿ ಪ್ರೀತಿಯಿಂದ ಪತ್ರ ಬರೆದಿದ್ದರು. ಅದರ ಮೇಲೆ ದೈಹಿಕ ಶಿಕ್ಷಕರ ಹೊರತು ನಮ್ಮಲ್ಲಿ ಯಾರೂ ಕುಳಿತುಕೊಳ್ಳಲಾರೆವೆಂದು ವಿನಯದಿಂದ ತಿಳಿಸಿದ್ದಾಯಿತು.

ಇಲ್ಲಿ ಮೊದಲು ನೆನಪಿಡತಕ್ಕ ಸಂಗತಿಯೊಂದುಂಟು. ಜೀಪಿನ ಆಕಾರವಿದ್ದ ಮಾತ್ರಕ್ಕೆ ನಾಲ್ಕು ಚಕ್ರದ ಎಳೆತವಿರಬೇಕೆಂಬ ನಿಯಮವಿಲ್ಲ. ಹಳೆಯ ಜೀಪುಗಳಲ್ಲಿಯೂ ಹಿಂದಿನ ಎರಡೇ ಚಕ್ರ ಎಳೆಯುವ ಮಾದರಿಗಳು ಕಾರ್ಖಾನೆಯಿಂದಲೇ ಹೊರಡುತ್ತಿದ್ದವು. 2010ರ ಥಾರ್‌ನಲ್ಲಿಯೂ ಅಂಥ ಮಾದರಿಯಿತ್ತು. 2020ರ ಥಾರ್‌ನಲ್ಲಿ ಎರಡು ಚಕ್ರದ ಎಳೆತದ ಮಾದರಿ 2023ರಲ್ಲಿ ಸೇರಿತು. ಇವುಗಳನ್ನು ಹೀಗೆಂದು ಹೇಳಿಯೇ ಮಾರಿದರೆ ಅದರಲ್ಲಿ ತಪ್ಪೇನೂ ಇಲ್ಲ. ಇವಲ್ಲದೆ ಮೂರನೆಯ ಜಾತಿಯೊಂದಿದೆ. ಹುಟ್ಟುವಾಗ ನಾಲ್ಕು ಚಕ್ರದ ಎಳೆತವಿದ್ದು, ಆಮೇಲೆ ಎಣ್ಣೆಯ ಉಳಿತಾಯಕ್ಕೋ ಮುರಿದ ಭಾಗವನ್ನು ಕೊಳ್ಳುವ ಖರ್ಚಿಗೆ ಹೆದರಿಯೋ ಮುಂದಿನ ಶಾಫ್ಟನ್ನು ಬಿಚ್ಚಿಹಾಕಿದ ಗಾಡಿ. ನನಗೆ ಗಂಟುಬಿದ್ದದ್ದು ಇದೇ.

ಅದು 2009ರ ಮಾತು. ಹೊಳೆಯಾಚೆಯ ಮೂರು ಹಳ್ಳಿಗಳ ಮಕ್ಕಳು ಮಳೆಗಾಲದಲ್ಲಿ ಶಾಲೆ ಬಿಡುತ್ತಿದ್ದರೆಂದು ಅಂದಿನ ಹಳೆಯ ವಿದ್ಯಾರ್ಥಿಗಳು ಕೈಯಿಂದ ಕೈಗೆ ಹಣ ಸೇರಿಸಿಕೊಟ್ಟರು. ಆ ಹಣವನ್ನು ಹಿಡಿದು ನಾನೂ ಇನ್ನೊಬ್ಬ ಉಪಾಧ್ಯಾಯರೂ ಪಟ್ಟಣದ ದಲ್ಲಾಳಿಯೊಬ್ಬನ ಬಳಿಗೆ ಹೋದೆವು. ಅವನು ತೋರಿಸಿದ ಜೀಪು ಮದುವಣಿಗನಂತಿತ್ತು. ಹಸಿರು ಬಣ್ಣ, ಹೊಸ ಹೊದಿಕೆಯ ಸೀಟು, ಹಿಂಬದಿಯಲ್ಲಿ 'ಫೋರ್ ವೀಲ್ ಡ್ರೈವ್' ಎಂಬ ಬರಹ, ಒಳಗೆ ಗೇರಿನ ಪಕ್ಕದಲ್ಲಿ ಇನ್ನೆರಡು ಚಿಕ್ಕ ಗೇರು ಕಡ್ಡಿಗಳು. ನಾನು ಆ ಕಡ್ಡಿಗಳನ್ನು ಮುಂದಕ್ಕೂ ಹಿಂದಕ್ಕೂ ಎಳೆದು ನೋಡಿದೆ, ಅವು ಟಕ್ಕೆಂದು ಬಿದ್ದವು, ನನಗೆ ತೃಪ್ತಿಯಾಯಿತು. ಪಟ್ಟಣದ ಡಾಂಬರು ರಸ್ತೆಯಲ್ಲಿ ಒಂದು ಸುತ್ತು ಬಂದೆವು. ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿದವನು ನಾನೇ.

ಆಷಾಢದ ಎರಡನೆಯ ವಾರದಲ್ಲಿ ಹದಿನಾಲ್ಕು ಮಕ್ಕಳನ್ನು ಕೂಡಿಸಿಕೊಂಡು ಹೊರಟ ಗಾಡಿಯು ಹೊಳೆಯ ಈಚೆಯ ಕೆಮ್ಮಣ್ಣಿನ ಏರಿನಲ್ಲಿ ನಿಂತಿತು. ಅಷ್ಟು ಮಕ್ಕಳನ್ನು ಕೂಡಿಸಿದ್ದೇ ತಪ್ಪೆಂಬ ಮಾತನ್ನು ಮುಂದೆ ಹೇಳುತ್ತೇನೆ. ಡ್ರೈವರನು ಕಡ್ಡಿ ಎಳೆದನು. ಒಂದು ಹಿಂಚಕ್ರ ಸುತ್ತಿತು. ಗಾಡಿ ನಿಂತಲ್ಲಿಂದ ಹಿಂದಕ್ಕೆ ಜಾರಿ ಕಾಲುವೆಯ ಅಂಚಿನ ಹಲಸಿನ ಮರಕ್ಕೆ ಒರಗಿತು. ಆ ಮರವಿಲ್ಲದಿದ್ದರೆ ಏನಾಗುತ್ತಿತ್ತೆಂದು ನೆನೆಯಲು ನನಗೆ ಇಂದಿಗೂ ಧೈರ್ಯ ಸಾಲದು. ಮಕ್ಕಳಿಗೆ ಗಾಯವಾಗಲಿಲ್ಲ, ಮಳೆಯಲ್ಲಿ ನೆನೆಯುತ್ತ ಮನೆಗೆ ನಡೆದರು. ಮರುದಿನ ಬಂದ ಮೇಸ್ತ್ರಿಯು ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ನುಸುಳಿ, ಒಂದು ನಿಮಿಷದೊಳಗೆ ಹೊರಗೆ ಬಂದು, "ಸ್ವಾಮಿ, ಮುಂದಿನ ಶಾಫ್ಟೇ ಇಲ್ಲವಲ್ಲ!" ಎಂದನು. ಕಡ್ಡಿ ಇತ್ತು, ಬರಹವಿತ್ತು, ಟಕ್ಕೆನ್ನುವ ಶಬ್ದವೂ ಇತ್ತು. ಎಳೆಯತಕ್ಕದ್ದು ಮಾತ್ರ ಇರಲಿಲ್ಲ. 'ಮೇಲೆ ಥಳಕು, ಒಳಗೆ ಹುಳುಕು' ಎಂಬ ಗಾದೆಯನ್ನು ಅದೇ ತಿಂಗಳು ಎಂಟನೆಯ ತರಗತಿಗೆ ವಿಸ್ತರಿಸಿ ಬರೆಯಲು ಕೊಟ್ಟಿದ್ದೆ.

ಆ ಮೇಸ್ತ್ರಿಯೇ ನನಗೆ ಈ ವಿದ್ಯೆಯಲ್ಲಿ ಗುರು. ಅವನು ಕಲಿಸಿದ ಮೊದಲನೆಯ ಪಾಠಕ್ಕೆ ಬೇಕಾದದ್ದು ಒಂದು ಜಾಕ್ ಮತ್ತು ನಾಲ್ಕು ಕಲ್ಲು ಮಾತ್ರ. ಸಮತಟ್ಟಾದ ಗಟ್ಟಿ ನೆಲದ ಮೇಲೆ ಗಾಡಿಯನ್ನು ನಿಲ್ಲಿಸಿ, ಎಂಜಿನನ್ನು ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಮುಂದೂ ಹಿಂದೂ ಕಲ್ಲು ಕೊಡಬೇಕು. ಮುಂದಿನ ಚಕ್ರಗಳ ನಡುವೆ ತಿರುಗಿಸುವ ಬಿಲ್ಲೆಗಳಿದ್ದರೆ ಅವನ್ನು 'ಲಾಕ್' ಎಂಬಲ್ಲಿಗೆ ತಿರುಗಿಸಬೇಕು. ಕಡ್ಡಿಯನ್ನು ಫೋರ್ ವೀಲಿಗೆ ಹಾಕಿ, ಒಂದೇ ಒಂದು ಮುಂಚಕ್ರವನ್ನು ಜಾಕಿನಿಂದ ನೆಲ ಬಿಡುವಷ್ಟು ಎತ್ತಿ, ಅದನ್ನು ಕೈಯಿಂದ ತಿರುಗಿಸಲು ಯತ್ನಿಸಬೇಕು. ಎಲ್ಲವೂ ಕ್ರಮವಾಗಿದ್ದರೆ ಚಕ್ರವು ಸ್ವಲ್ಪ ಅಲುಗಿ ಅಲ್ಲಿಯೇ ಬಿಗಿಯುತ್ತದೆ. ಏಕೆಂದರೆ ಅದು ಶಾಫ್ಟಿನ ಮೂಲಕ ನೆಲಕ್ಕೂರಿರುವ ಹಿಂಚಕ್ರಗಳಿಗೆ ಕಟ್ಟಿಕೊಂಡಿದೆ. ಸರಾಗವಾಗಿ ತಿರುಗಿತೋ, ನಡುವೆ ಎಲ್ಲೋ ಕೊಂಡಿ ಕಳಚಿದೆಯೆಂದು ತಿಳಿಯಬೇಕು. ತರುವಾಯ ಕಡ್ಡಿಯನ್ನು ಎರಡು ಚಕ್ರಕ್ಕೆ ತಂದು ತಿರುಗಿಸಿದರೆ ಚಕ್ರದೊಡನೆ ಮುಂದಿನ ಶಾಫ್ಟೂ ತಿರುಗುವುದನ್ನು ಪಕ್ಕದಿಂದ ಬಗ್ಗಿ ಕಾಣಬಹುದು. ಬಿಲ್ಲೆಯನ್ನು 'ಫ್ರೀ'ಗೆ ತಿರುಗಿಸಿದರೆ ಚಕ್ರ ಮಾತ್ರ ತಿರುಗಿ ಶಾಫ್ಟು ನಿಲ್ಲಬೇಕು. ಎರಡನೆಯ ಮುಂಚಕ್ರಕ್ಕೂ ಇದೇ ವಿಧಿ. ಜಾಕಿನ ಮೇಲಿರುವ ಗಾಡಿಯ ಕೆಳಗೆ ತಲೆ ಹಾಕಬಾರದೆಂಬುದನ್ನೂ ಎಂಜಿನನ್ನು ಚಾಲೂ ಮಾಡಬಾರದೆಂಬುದನ್ನೂ ಒತ್ತಿ ಹೇಳುತ್ತೇನೆ. ನಾಲ್ಕು ಚಕ್ರದ ಎಳೆತವಿರುವ ಗಾಡಿಯು ನೆಲದ ಮೇಲಿರುವ ಚಕ್ರಗಳಿಂದಲೇ ಜಾಕನ್ನು ಕೆಡವಿಕೊಂಡು ಹೊರಟೀತು. ಈ ಪಾಠವು ಕಡ್ಡಿಯೂ ಕೈಬಿಲ್ಲೆಯೂ ಇರುವ ಹಳೆಯ ಗಾಡಿಗಳಿಗೆ ಸಂಬಂಧಿಸಿದ್ದು. ಗುಂಡಿ ಒತ್ತಿ ಎಳೆತವನ್ನು ಜೋಡಿಸುವ ಹೊಸ ಗಾಡಿಗಳನ್ನು ನೆಲದ ಮೇಲೆಯೇ ನೋಡಬೇಕು.

ಆದರೆ ಕೈಬಲದ ಪರೀಕ್ಷೆಯು ಕೊಂಡಿ ಇದೆಯೆಂಬುದನ್ನು ತಿಳಿಸುತ್ತದೆಯೇ ಹೊರತು ಹಲ್ಲುಗಳು ಭಾರವನ್ನು ತಾಳುತ್ತವೆಯೇ ಎಂಬುದನ್ನು ತಿಳಿಸದು. ಆದುದರಿಂದ ಗಾಡಿಯನ್ನು ಒದ್ದೆಯಾದ ಗದ್ದೆಯ ಬದಿಗೋ ಸಡಿಲ ಮಣ್ಣಿನ ಏರಿಗೋ ಕೊಂಡೊಯ್ಯಲೇಬೇಕು. ಫೋರ್ ವೀಲಿನಲ್ಲಿ, ಲೋ ಗೇರಿನಲ್ಲಿ, ಮೊದಲನೆಯ ಗೇರಿಗೆ ಹಾಕಿ ಆಮೆಯಂತೆ ಹತ್ತಿಸಿ ನೋಡಬೇಕು. ಭಾರ ಬಿದ್ದಾಗ ಕಡ್ಡಿಯು ತಾನಾಗಿ ಹಿಂದಕ್ಕೆ ಹಾರಿದರೆ ಒಳಗಿನ ಹಲ್ಲುಗಳು ಸವೆದಿವೆ. ಕಟಕಟ ಶಬ್ದ ಬಂದರೆ ಶಾಫ್ಟಿನ ಗಂಟುಗಳು ಹೋಗಿವೆ. ಇಳಿಜಾರಿನಲ್ಲಿಯೂ ಲೋ ಗೇರಿನಲ್ಲಿ ಕಾಲು ತೆಗೆದು ಇಳಿಸಿ, ಎಂಜಿನೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆಯೇ ಎಂದು ಕಾಣಬೇಕು. ಮಾರುವವನು, "ಇಲ್ಲಿಯೇ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ತೋರಿಸುತ್ತೇನೆ" ಎಂದರೆ ಒಪ್ಪತಕ್ಕದ್ದಲ್ಲ. ತಿರುವಿನಲ್ಲಿ ಮುಂಚಕ್ರಗಳು ಹಿಂಚಕ್ರಗಳಿಗಿಂತ ಹೆಚ್ಚು ದೂರ ಉರುಳುತ್ತವೆ. ಹಳೆಯ ಜೀಪುಗಳಲ್ಲಿ ಮುಂದಿನ ಶಾಫ್ಟಿಗೂ ಹಿಂದಿನ ಶಾಫ್ಟಿಗೂ ನಡುವೆ ಆ ವ್ಯತ್ಯಾಸವನ್ನು ಸರಿದೂಗಿಸುವ ಏರ್ಪಾಡಿಲ್ಲ. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಹೊಂದಿಸಿಕೊಳ್ಳುತ್ತದೆ. ಒಣ ಡಾಂಬರು ಜಾರಗೊಡದು. ಹಗ್ಗ ಹೊಸೆದಂತೆ ಶಾಫ್ಟುಗಳು ಬಿಗಿದು ಹಲ್ಲುಗಳು ನೋಯುತ್ತವೆ. ಇದೇ ಕಾರಣದಿಂದ ನಾಲ್ಕು ಟಯರುಗಳೂ ಒಂದೇ ಅಳತೆಯವಾಗಿರಬೇಕು. ಮುಂದೆ ಎರಡು ಚಿಕ್ಕವು, ಹಿಂದೆ ಎರಡು ದೊಡ್ಡವು ಕಂಡರೆ, ಆ ಗಾಡಿಯಲ್ಲಿ ಬಹುಕಾಲದಿಂದ ಯಾರೂ ಫೋರ್ ವೀಲ್ ಹಾಕಿಲ್ಲ, ಇಲ್ಲವೆ ಹಾಕಿ ಕೆಡಿಸಿದ್ದಾರೆ.

ಎರಡನೆಯ ಪಾಠ ಚಾಸಿಯದು. ಎಂಜಿನನ್ನು ಬಿಚ್ಚಿ ಕಟ್ಟಬಹುದು, ಗೇರ್‌ಬಾಕ್ಸನ್ನು ಬದಲಿಸಬಹುದು, ಮೇಲಿನ ತಗಡನ್ನು ತಟ್ಟಿ ನೇರ ಮಾಡಬಹುದು. ಇವೆಲ್ಲವನ್ನೂ ಹೊತ್ತಿರುವ ಉಕ್ಕಿನ ತೊಲೆಗಳು ತುಕ್ಕು ತಿಂದಿದ್ದರೆ ಉಳಿದುದೆಲ್ಲವೂ ಗೆದ್ದಲು ಹಿಡಿದ ತೊಲೆಯ ಮೇಲಿನ ಹಂಚಿನಂತೆ. ನಮ್ಮ ಕಡೆ ಆರು ತಿಂಗಳು ಒಣಗದ ಕೆಮ್ಮಣ್ಣು, ಕರಾವಳಿಯ ಕಡೆ ಉಪ್ಪುಗಾಳಿ. ಎರಡೂ ಕಬ್ಬಿಣಕ್ಕೆ ಶತ್ರು. ಸಂತೆಯಲ್ಲಿ ಹೆಂಗಸರು ಮಡಕೆಯನ್ನು ಬೆರಳಿನಿಂದ ತಟ್ಟಿ ನಾದ ಕೇಳುವಂತೆ ಚಿಕ್ಕ ಸುತ್ತಿಗೆಯಿಂದ ತೊಲೆಯುದ್ದಕ್ಕೂ ತಟ್ಟುತ್ತ ಹೋಗಬೇಕು. ಗಟ್ಟಿ ಉಕ್ಕು ಠಣ್ಣೆನ್ನುತ್ತದೆ; ತುಕ್ಕು ತುಂಬಿದ ಜಾಗ ದಬ್ಬೆನ್ನುತ್ತದೆ. ಕೆಳಗೆಲ್ಲ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಸಂದೇಹವನ್ನು ಇಮ್ಮಡಿ ಮಾಡಿಕೊಳ್ಳಬೇಕು. ಕೊಳ್ಳುವವನು ಕಾಣದ ಕಡೆಗೆ ಮಾರುವವನು ಬಣ್ಣ ಬಳಿದನೆಂದರೆ ಅಲ್ಲಿ ಕಾಣತಕ್ಕದ್ದು ಏನೋ ಇದೆ. ವಿಶೇಷವಾಗಿ ನೋಡಬೇಕಾದವು ಕಮಾನು ಪಟ್ಟಿಗಳು ತೊಲೆಗೆ ಕೂಡುವ ಜಾಗಗಳು ಮತ್ತು ಸ್ಟೀರಿಂಗಿನ ಪೆಟ್ಟಿಗೆಯನ್ನು ಬಿಗಿದಿರುವ ಜಾಗ. ಕಲ್ಲುದಾರಿಯ ಹೊಡೆತವೆಲ್ಲ ಅಲ್ಲಿಗೆ ಬಂದು ಮುಟ್ಟುವುದರಿಂದ ಕೂದಲೆಳೆಯಂಥ ಬಿರುಕುಗಳು ಅಲ್ಲಿಯೇ ಹುಟ್ಟುತ್ತವೆ. ಬೆಸುಗೆಯ ಗುರುತಿದ್ದರೆ ಏಕೆ ಹಾಕಿಸಿದರೆಂದು ಕೇಳಿ, ಉತ್ತರವನ್ನು ನಂಬದೆ ಮೇಸ್ತ್ರಿಗೆ ತೋರಿಸಬೇಕು. ಕಳೆದ ಮಾಘದಲ್ಲಿ ನಮ್ಮ ಸಮಿತಿಯು ನೋಡಿ ಬಂದ ಮೂರು ಗಾಡಿಗಳಲ್ಲಿ ಒಂದು ಎಲ್ಲ ವಿಧದಲ್ಲಿಯೂ ಚೆನ್ನಾಗಿತ್ತು. ಸ್ಟೀರಿಂಗ್ ಪೆಟ್ಟಿಗೆಯ ಹಿಂದೆ ಬೆರಳುದ್ದದ ಬಿರುಕೊಂದನ್ನು ಕಂಡು ಬಿಟ್ಟುಬಂದೆವು. ನಮ್ಮ ಜೊತೆಯಲ್ಲಿದ್ದ ಗಣಿತದ ಉಪಾಧ್ಯಾಯರಿಗೆ ಅದು ಅತಿಯೆನಿಸಿತು. ನನಗೆ ಹಲಸಿನ ಮರ ನೆನಪಿಗೆ ಬಂದಿತ್ತು.

ಮುಂಚಕ್ರಗಳನ್ನು ಒಂದೊಂದಾಗಿ ಎತ್ತಿದಾಗಲೇ ಇನ್ನೊಂದು ಕೆಲಸವನ್ನು ಮುಗಿಸಿಕೊಳ್ಳಬಹುದು. ಚಕ್ರದ ಮೇಲಂಚನ್ನೂ ಕೆಳಂಚನ್ನೂ ಹಿಡಿದು ಅಲುಗಿಸಿದರೆ ಬೇರಿಂಗು ಹಾಗೂ ಕಿಂಗ್‌ಪಿನ್ನುಗಳ ಸವೆತ ಗೊತ್ತಾಗುತ್ತದೆ. ಎಡಬಲಗಳನ್ನು ಹಿಡಿದು ಅಲುಗಿಸಿದರೆ ಸ್ಟೀರಿಂಗಿನ ಕೀಲುಗಳ ಸಡಿಲ ಗೊತ್ತಾಗುತ್ತದೆ. ಹಳೆಯ ಜೀಪುಗಳಲ್ಲಿ ಮುಂಚಕ್ರದ ಒಳಬದಿಯಲ್ಲಿ ಕಬ್ಬಿಣದ ದೊಡ್ಡ ಉಂಡೆಯೊಂದು ಕಾಣುತ್ತದೆ. ತಿರುಗುತ್ತಲೂ ಹೊರಳುತ್ತಲೂ ಬಲ ಸಾಗಿಸುವ ಕೀಲು ಅದರೊಳಗಿದೆ. ಅದರ ಅಂಚಿನ ಸೀಲು ಹರಿದರೆ ಗ್ರೀಸು ಹೊರಗೆ ಬರುತ್ತದೆ, ಕೆಸರು ನೀರು ಒಳಗೆ ಹೋಗುತ್ತದೆ. ಮುಂದಿನ ಹಾಗೂ ಹಿಂದಿನ ಡಿಫರೆನ್ಷಿಯಲ್ಲಿನ ಎಣ್ಣೆಯನ್ನು ಒಂದು ಬೆರಳು ಅದ್ದುವಷ್ಟು ತೆಗೆಯಿಸಿ ನೋಡಬೇಕು. ಹಾಲು ಬೆರೆಸಿದ ಕಾಫಿಯ ಬಣ್ಣವಾಗಿದ್ದರೆ ಗಾಡಿಯು ಹೊಳೆಯಲ್ಲಿ ಮುಳುಗಿ ಎದ್ದದ್ದು. ಬೆಳಕಿಗೆ ಹಿಡಿದಾಗ ಬೆಳ್ಳಿಯ ಹುಡಿಯಂತೆ ಮಿನುಗಿದರೆ ಹಲ್ಲುಗಳು ಸವೆಯುತ್ತಿವೆ.

ಎಂಜಿನಿನ ವಿಷಯವನ್ನು ಎಲ್ಲರೂ ಮೊದಲು ಕೇಳುತ್ತಾರೆ. ನಾನು ಬೇಕೆಂದೇ ಹಿಂದಕ್ಕೆ ತಂದಿದ್ದೇನೆ. ಅದು ಬಹುಮಟ್ಟಿಗೆ ರಿಪೇರಿಗೆ ಒಗ್ಗುವ ಭಾಗ, ಅದರ ರೋಗಗಳನ್ನು ಬಲ್ಲ ಮೇಸ್ತ್ರಿಗಳು ಊರೂರಲ್ಲಿದ್ದಾರೆ. ಆದರೂ ಒಂದು ನಿಯಮವನ್ನು ಮೀರಬಾರದು: ಬೆಳಗ್ಗೆ ಹೋಗಬೇಕು, ತಣ್ಣಗಿರುವ ಎಂಜಿನನ್ನೇ ಚಾಲೂ ಮಾಡಿಸಬೇಕು. ಹೋದೊಡನೆ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ, ನೀವು ಬರುವ ಮುಂಚೆ ಅದನ್ನು ಪ್ರಯಾಸಪಟ್ಟು ಎಬ್ಬಿಸಿದ್ದಾರೆ. ಮರುದಿನ ಹೇಳದೆ ಹೋಗಿ. ಚಾಲೂ ಮಾಡುವ ಮುನ್ನ ರೇಡಿಯೇಟರಿನ ಮುಚ್ಚಳ ತೆಗೆದು ನೀರಿನ ಮೇಲೆ ಎಣ್ಣೆಯ ಪದರವಿದೆಯೇ, ಅಳತೆಯ ಕಡ್ಡಿಯಲ್ಲಿ ಎಣ್ಣೆಗೆ ನೀರು ಬೆರೆತಿದೆಯೇ ಎಂದು ನೋಡಬೇಕು. ಎರಡರಲ್ಲಿ ಯಾವುದಿದ್ದರೂ ಹೆಡ್ಡಿನ ಗ್ಯಾಸ್ಕೆಟ್ಟು ಹೋಗಿದೆಯೆಂಬ ಶಂಕೆಗೆ ಎಡೆಯುಂಟು. ಬಿಸಿಯಾದ ಮೇಲೆ ಆ ಮುಚ್ಚಳವನ್ನು ಮುಟ್ಟಕೂಡದು. ಹೊಗೆಯ ಬಣ್ಣವೂ ಮಾತಾಡುತ್ತದೆ. ನೀಲಿ ಹೊಗೆ ಎಣ್ಣೆ ಉರಿಯುವುದರ ಲಕ್ಷಣ. ಕಾವು ಬಂದ ಮೇಲೆಯೂ ನಿಲ್ಲದ ಬಿಳಿ ಹೊಗೆಗೆ ನೀರೋ ಸರಿಯಾಗಿ ಉರಿಯದ ಡೀಸೆಲ್ಲೋ ಕಾರಣ. ಕಪ್ಪು ಹೊಗೆಯೆಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಎಂಜಿನು ಓಡುತ್ತಿರುವಾಗ ಎಣ್ಣೆ ಸುರಿಯುವ ಮುಚ್ಚಳವನ್ನು ತೆಗೆದರೆ ಅಲ್ಲಿಂದ ಉಸಿರುಗಟ್ಟಿದವನಂತೆ ಬುಸಬುಸನೆ ಹೊಗೆ ಬಂದರೆ ಒಳಗಿನ ಪಿಸ್ಟನ್ ರಿಂಗುಗಳು ಸವೆದಿವೆ.

ಮೀಟರಿನ ಸಂಖ್ಯೆಗೆ ನಾನು ಬೆಲೆ ಕೊಡುವುದಿಲ್ಲ. ಹಳೆಯ ಗಾಡಿಗಳಲ್ಲಿ ಒಂದು ತಂತಿಯನ್ನು ಕಳಚಿದರೆ ಮೀಟರು ನಿದ್ದೆಹೋಗುತ್ತದೆ. ಕಾಲೊತ್ತುವ ಪೆಡಲಿನ ರಬ್ಬರು ಅದಕ್ಕಿಂತ ಸತ್ಯವಂತ. ಟಯರಿನ ಮಗ್ಗುಲಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರ. ನೆರೆಯಲ್ಲಿ ಮುಳುಗಿದ ಗಾಡಿಗಳ ವಿಷಯದಲ್ಲಿಯೂ ಎಚ್ಚರ ಬೇಕು. 2018ರಲ್ಲಿ ಕೊಡಗು, 2019ರಲ್ಲಿ ಬೆಳಗಾವಿ ಮೊದಲಾದ ಜಿಲ್ಲೆಗಳು ಕಂಡ ನೆರೆಯನ್ನು ನಾವು ಮರೆತಿಲ್ಲ. ಸೀಟಿನ ಪಟ್ಟಿಯನ್ನು ಕೊನೆಯವರೆಗೂ ಎಳೆದರೆ ಸುರುಳಿಯೊಳಗೆ ಅಡಗಿದ್ದ ಕೆಸರಿನ ಗೆರೆ ಹೊರಗೆ ಬರುತ್ತದೆ. ದೀಪದ ಗಾಜಿನೊಳಗಿನ ಹೂಳನ್ನು ಒರೆಸಲು ಹೆಚ್ಚಿನವರಿಗೆ ತಾಳ್ಮೆಯಿರುವುದಿಲ್ಲ.

ಇನ್ನು ಕಾಗದಪತ್ರ. ಇದು ಸಂಸ್ಥೆಗೂ ದಾನಿಗಳಿಗೂ ನೇರವಾಗಿ ಸಂಬಂಧಪಟ್ಟದ್ದಾದುದರಿಂದ ತುಸು ಬಿಡಿಸಿ ಬರೆಯುತ್ತೇನೆ. ಚಾಸಿಯ ಮೇಲೆ ಕೊರೆದಿರುವ ಸಂಖ್ಯೆಯೂ ಎಂಜಿನಿನ ಸಂಖ್ಯೆಯೂ ಆರ್.ಸಿ.ಯಲ್ಲಿರುವುದರೊಡನೆ ಅಕ್ಷರಕ್ಕೆ ಅಕ್ಷರ ಕೂಡಬೇಕು. ಹಸ್ತಪ್ರತಿಗಳಲ್ಲಿ ತಿದ್ದಿದ ಅಕ್ಷರವನ್ನು ಗುರುತಿಸಿದ ಕಣ್ಣಿಗೆ ಅರದಿಂದ ಉಜ್ಜಿ ಮತ್ತೆ ಕೊರೆದ ಅಂಕಿಯೂ ಸಿಕ್ಕಿಬೀಳುತ್ತದೆ: ಸುತ್ತಲಿನ ಲೋಹ ತಗ್ಗಾಗಿರುತ್ತದೆ, ಅಂಕಿಗಳ ಸಾಲು ಓರೆಯಾಗಿರುತ್ತದೆ. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನನ್ನು ಕೂಡಿಸಿದ ಗಾಡಿಗಳು ಬಹಳ. ಆ ಬದಲಾವಣೆ ಆರ್.ಸಿ.ಯಲ್ಲಿ ದಾಖಲಾಗಿಲ್ಲದಿದ್ದರೆ ಕೊಳ್ಳಕೂಡದು. ತಯಾರಕರು ನಿಗದಿ ಮಾಡಿದ ರೂಪಕ್ಕೆ ವಿರುದ್ಧವಾದ ಮಾರ್ಪಾಟಿಗೆ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ಅಡ್ಡಿಯಾಗಿದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ. ಸ್ವಂತ ಬಳಕೆಯ ಗಾಡಿಯ ನೋಂದಣಿಗೆ 15 ವರ್ಷದ ಆಯುಸ್ಸು. ಆ ಬಳಿಕ ಗಾಡಿಯನ್ನು ಕಚೇರಿಗೆ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಹಳೆಯ ಜೀಪುಗಳಲ್ಲಿ ಇದನ್ನು ಮಾಡಿಸದವೇ ಹೆಚ್ಚು. ಬ್ಯಾಂಕಿನ ಸಾಲವಿದ್ದರೆ ತೀರಿದ ಬಗ್ಗೆ 35ನೆಯ ನಮೂನೆ ಬೇಕು. ಹೊರರಾಜ್ಯದ ಗಾಡಿಯಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿನ ಆಜೀವ ತೆರಿಗೆಯನ್ನು ಕಟ್ಟಬೇಕು. ಆ ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯದೆ 'ಅಗ್ಗ'ವೆಂದು ಬಗೆಯುವುದು ಭ್ರಮೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ದೆಹಲಿಯ ಪ್ರದೇಶದಲ್ಲಿ 2015ರಲ್ಲಿ ಹಸಿರು ನ್ಯಾಯಮಂಡಳಿಯೂ 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ನಿರ್ಬಂಧ ಹೇರಿದ ಮೇಲೆ ಅಲ್ಲಿನ ಎಷ್ಟೋ ಗಾಡಿಗಳು ದೇಶದ ಇತರ ಕಡೆಗಳಿಗೆ ಹರಿದುಬಂದವು. ಅವುಗಳಲ್ಲಿ ಒಳ್ಳೆಯವೂ ಇವೆ. ಪತ್ರವಿಲ್ಲದವನ್ನು ಮಾತ್ರ ಮುಟ್ಟಬಾರದು.

ಮಾಲೀಕತ್ವದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು. ಅದೇ ರಾಜ್ಯದೊಳಗಾದರೆ ಕೊಟ್ಟವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರಿಗೆ 14 ದಿನದ ಗಡುವು. ಇಲ್ಲಿ ಪ್ರೀತಿಯ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. "ಗಾಡಿ ಶಾಲೆಯಲ್ಲಿರಲಿ, ಹೆಸರು ಬದಲಾವಣೆ ನಿಧಾನವಾಗಿ ಆಗಲಿ" ಎಂದು ಕೆಲವರು ಔದಾರ್ಯದಿಂದ ಹೇಳುತ್ತಾರೆ. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿರುವ ಪ್ರಕಾರ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಗಾಡಿ ಕೈಬದಲಾಗಿ ಎಷ್ಟು ದಿನವಾಗಿದ್ದರೂ ಅಪಘಾತದ ಪರಿಹಾರದ ಹೊಣೆ ಅವರ ತಲೆಗೇ ಬರುತ್ತದೆ. ದಾನ ಕೊಟ್ಟವರನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿಸುವ ದಾನವನ್ನು ಸಂಸ್ಥೆಯು ಸ್ವೀಕರಿಸಲಾರದು. ಕೀಲಿಕೈಯೊಡನೆ ರುಜುವಾದ ನಮೂನೆಗಳೂ ಬರಬೇಕು.

ಹದಿನಾಲ್ಕು ಮಕ್ಕಳ ಮಾತನ್ನು ಹೇಳುವುದಾಗಿ ಬರೆದಿದ್ದೆ. ಚಾಲಕನನ್ನು ಬಿಟ್ಟು ಆರಕ್ಕಿಂತ ಹೆಚ್ಚು ಜನ ಕೂರುವಂತೆ ನಿರ್ಮಿತವಾದ ಗಾಡಿಯನ್ನು ಶಾಲೆಯು ಮಕ್ಕಳ ಸಾಗಣೆಗೆ ಇಟ್ಟುಕೊಂಡರೆ ಅದು ಕಾನೂನಿನಲ್ಲಿ ಶಿಕ್ಷಣ ಸಂಸ್ಥೆಯ ಬಸ್ಸಾಗುತ್ತದೆ. ಸ್ವಂತ ಗಾಡಿಯಂತೆ ನಡೆಸುವಂತಿಲ್ಲ, ನಿಯತಕಾಲಕ್ಕೆ ಎಫ್.ಸಿ. ಮಾಡಿಸಬೇಕು. ಆರ್.ಸಿ.ಯಲ್ಲಿ ಬರೆದಿರುವಷ್ಟೇ ಮಂದಿ ಕೂರಬೇಕು. 2009ರಲ್ಲಿ ಇದಾವುದನ್ನೂ ನಾವು ನೋಡಿರಲಿಲ್ಲ. ಅಂದು ವಿಮೆಯವರು ಕೇಳಿದ್ದರೆ ನಮ್ಮ ಬಳಿ ಉತ್ತರವಿರಲಿಲ್ಲ.

ಸಮಿತಿಯು ಮಳೆಗಾಲಕ್ಕೆ ಮುನ್ನ ಇನ್ನೂ ಕೆಲವು ಗಾಡಿಗಳನ್ನು ನೋಡಬೇಕೆಂದಿದೆ. ತಮ್ಮಲ್ಲಿಯೋ ತಮಗೆ ತಿಳಿದವರಲ್ಲಿಯೋ ಮಾರುವ ಜೀಪಿದ್ದರೆ ಮುಖ್ಯೋಪಾಧ್ಯಾಯರ ವಿಳಾಸಕ್ಕೆ ಬರೆಯಬೇಕಾಗಿ ವಿನಂತಿ. ನಾವು ಬೆಳಗ್ಗೆ ಏಳು ಗಂಟೆಗೆ ಮೇಸ್ತ್ರಿಯೊಡನೆ, ಒಂದು ಜಾಕ್, ಒಂದು ಸುತ್ತಿಗೆ ಹಾಗೂ ಒಂದು ಗೋಣಿಚೀಲದೊಡನೆ ಬರುತ್ತೇವೆ. ಎಣ್ಣೆ ಎಲ್ಲಿ ಸೋರಿದೆಯೆಂಬುದು ಧೂಳು ಕೂತ ಎಂಜಿನಿನಲ್ಲಿಯೇ ಕಾಣುವುದರಿಂದ, ತೋರಿಸುವವರು ದಯಮಾಡಿ ಗಾಡಿಯನ್ನು ಮುಂಚಿತವಾಗಿ ತೊಳೆಸಬಾರದು.